ಬೋರ್ಡ್ ಗೇಮ್ ಕಟ್ಟುವ ಆಸೆಯೇ? ಚೌಕಾಬಾರದಿಂದ ಶುರು ಮಾಡಿ

ಸ್ವಂತ ಬೋರ್ಡ್ ಗೇಮ್ ಮಾಡಬೇಕೆನ್ನುವವರು ಎಡವುವುದು ಹೆಚ್ಚಾಗಿ ಕಥೆಯಲ್ಲೇ. ಕೆಂಪೇಗೌಡರ ಪೇಟೆ, ನಾಲ್ಕು ಗಡಿ ಗೋಪುರ, ಆರು ಬಗೆಯ ಸರಕು, ನೂರಿಪ್ಪತ್ತು ಕಾರ್ಡು ಎಂದು ನೋಟ್‌ಬುಕ್ ತುಂಬುತ್ತದೆ, ಮೇಜಿನ ಮೇಲೆ ಮಾತ್ರ ಏನೂ ಬರುವುದಿಲ್ಲ. ಮೊದಲ ಆಟಕ್ಕೆ ಹೊಸ ಕಲ್ಪನೆಯೇ ಬೇಡ. ಮನೆಮಂದಿಗೆಲ್ಲ ಗೊತ್ತಿರುವ ಚೌಕಾಬಾರ ತಗೊಂಡು ಒಂದೇ ಒಂದು ನಿಯಮ ಬದಲಿಸಿ.

ಅದಕ್ಕೂ ಮೊದಲು ಲೆಕ್ಕ ಹಾಕಿ. 5×5 ಮಣೆಯಲ್ಲಿ ಹೊರಸುತ್ತಿಗೆ 16 ಮನೆ, ಒಳಸುತ್ತಿಗೆ 8, ನಡುವೆ ಒಂದು. ಸ್ವಂತ ಕಟ್ಟೆಯಿಂದ (ಆಟ ಶುರುವಾಗುವ ಮನೆ) ಹೊರಟ ಕಾಯಿ ಹಣ್ಣಾಗಲು, ಅಂದರೆ ನಡುಮನೆ ಸೇರಲು, 24 ಮನೆ ನಡೆಯಬೇಕು. ನಾಲ್ಕೂ ಕವಡೆ ಅಂಗಾತ, ಬೋರಲು ಸಮವಾಗಿ ಬೀಳುತ್ತವೆ ಎಂದುಕೊಂಡರೆ 16 ಸಾಧ್ಯತೆಗಳಲ್ಲಿ ಒಂದು ಬೀಳುವುದು 4 ಸಲ, ಎರಡು 6 ಸಲ, ಮೂರು 4 ಸಲ. ಚೌಕ (ನಾಲ್ಕೂ ಅಂಗಾತ, 4 ಮನೆ), ಬಾರ (ನಾಲ್ಕೂ ಬೋರಲು, 8 ಮನೆ) ತಲಾ ಒಂದೊಂದೇ ಸಲ. ಗರ ಅಂದರೆ ಒಂದು ಸಲ ಕವಡೆ ಹಾಕಿದಾಗ ಬಿದ್ದ ಸಂಖ್ಯೆ; ಅದರ ಸರಾಸರಿ 2.5. ಒಬ್ಬರ ನಾಲ್ಕು ಕಾಯಿಗೆ 96 ಮನೆ, ಅಂದರೆ ಸುಮಾರು 38 ಗರ. ನಾಲ್ವರು ಕೂತರೆ 150 ದಾಟುತ್ತದೆ. ಒಂದೊಂದು ಗರಕ್ಕೆ 10 ಸೆಕೆಂಡ್ ಹಿಡಿದರೂ 25 ನಿಮಿಷ, ಅದೂ ಯಾರ ಕಾಯಿಯನ್ನೂ ಯಾರೂ ಕಡಿಯದಿದ್ದರೆ. ಒಳಸುತ್ತಿನ ಬಾಗಿಲಲ್ಲಿ ಕಡಿಸಿಕೊಂಡ ಕಾಯಿ 15 ಮನೆ ಕಳೆದುಕೊಳ್ಳುತ್ತದೆ, ಹೆಚ್ಚುಕಮ್ಮಿ ಆರು ಗರ ನೀರುಪಾಲು. ಬೇಸಿಗೆ ರಜೆಯ ಚೌಕಾಬಾರ ಊಟದ ಹೊತ್ತಾದರೂ ಮುಗಿಯದಿರುವುದು ಇದಕ್ಕೇ. ನಿಮ್ಮ ಕವಡೆಗಳನ್ನು 100 ಸಲ ಹಾಕಿ ಗೀಟು ಎಳೆದು ನೋಡಿ, ಲೆಕ್ಕಕ್ಕೂ ಬೀಳುವುದಕ್ಕೂ ವ್ಯತ್ಯಾಸ ಕಂಡೇ ಕಾಣುತ್ತದೆ. ತೇಯ್ದ ಹುಣಸೆ ಬೀಜವಾದರಂತೂ ಎಷ್ಟು ತೇಯ್ದಿದ್ದೀರಿ ಅನ್ನುವುದರ ಮೇಲೆ ಎಲ್ಲ.

ಈಗ ನಿಯಮ. ಉದಾಹರಣೆಗೆ, ಬಿದ್ದ ಗರವನ್ನು ನಡೆಸದೆ ಕೂಡಿಡಬಹುದು ಅನ್ನಿ. 1, 2, 3, 4, 8 ಬರೆದ ಪಟ್ಟಿಯ ಮೇಲೆ ಒಂದು ಅಂಗಿ ಗುಂಡಿ ಇಟ್ಟರೆ ಗುರುತಾಯಿತು. ಆಡಿದರೆ ಏನಾಗುತ್ತದೆ? ಎಲ್ಲರೂ ಬಾರವನ್ನೇ ಕೂಡಿಟ್ಟು ಮುಂದಿರುವವರ ಮೇಲೆ ಕಣ್ಣಿಟ್ಟು ಕೂರುತ್ತಾರೆ, ಆಟ ಇನ್ನೂ ಉದ್ದವಾಗುತ್ತದೆ. ಪರಿಹಾರ: ಒಂದೇ ಗರ ಕೂಡಿಡಬಹುದು, ಅದೂ ಮೂರರೊಳಗಿನದು. ಆಗ ಹತ್ತಿರದ ಕಾಯಿಗಷ್ಟೇ ಅಪಾಯ, ಓಡಿ ತಪ್ಪಿಸಿಕೊಳ್ಳಲೂ ದಾರಿ ಉಂಟು. ಎರಡು ನಿಯಮ ಒಟ್ಟಿಗೆ ಬದಲಿಸಬೇಡಿ, ಕೆಟ್ಟದ್ದು ಯಾವುದರಿಂದ ಅಂತ ತಿಳಿಯುವುದಿಲ್ಲ.

ಮಣೆಗೆ 40 ಮಿ.ಮೀ. ಮನೆ ಹಾಕಿ. ಐದು ಮನೆಗೆ 200 ಮಿ.ಮೀ., ಎ4 ಹಾಳೆಯ 210 ಮಿ.ಮೀ. ಅಗಲದಲ್ಲಿ ಕೂರುತ್ತದೆ. ಕಾಯಿಯ ತಳ 15 ಮಿ.ಮೀ. ಮೀರದಿರಲಿ, ಒಂದೇ ಮನೆಯಲ್ಲಿ ನಾಲ್ಕು ನಿಲ್ಲಬೇಕಲ್ಲ. ಸದ್ಯಕ್ಕೆ ಅಂಗಿ ಗುಂಡಿ ಸಾಕು, ಕಡಲೆಕಾಳು ಉರುಳುತ್ತದೆ. ಚನ್ನಪಟ್ಟಣದ ಅರಗಿನ ಬಣ್ಣದ ಕಾಯಿಗಳು ಚೆಂದ, ಊರೂ ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ 60 ಕಿ.ಮೀ. ಅಷ್ಟೇ. ಆದರೆ ಆಟದ ನಿಯಮ ಗಟ್ಟಿಯಾಗುವ ಮುಂಚೆ ಮಾಡಿಸಿದರೆ ಕಾಯಿಗಳ ಮೇಲಿನ ಮಮತೆಗೆ ಕೆಟ್ಟ ನಿಯಮವನ್ನೂ ಉಳಿಸಿಕೊಳ್ಳುತ್ತೀರಿ.

ಕಾರ್ಡು ಬೇಕಾದರೆ 63×88 ಮಿ.ಮೀ. ಅಳತೆ ಹಿಡಿಯಿರಿ. ಎ4ಗೆ ಒಂಬತ್ತು ಬರುತ್ತವೆ, 54 ಕಾರ್ಡಿಗೆ ಆರು ಹಾಳೆ. ರಟ್ಟಿಗೆ ಅಂಟಿಸಬೇಡಿ. ಪ್ಲಾಸ್ಟಿಕ್ ಸ್ಲೀವ್‌ನೊಳಗೆ ಹಳೆಯ ಇಸ್ಪೀಟ್ ಎಲೆ, ಅದರ ಮುಂದೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ. ನಿಯಮ ಬದಲಾದರೆ ಆ ಚೀಟಿ ಬದಲಿಸಿದರಾಯಿತು. ಚೀಟಿಯ ಚೌಕಟ್ಟನ್ನು ಮುದ್ರಿಸಿಕೊಳ್ಳುವುದಾದರೆ ಪ್ರಿಂಟರ್‌ನಲ್ಲಿ ‘ಫಿಟ್ ಟು ಪೇಜ್’ ಆಯ್ಕೆ ತೆಗೆದು ಸ್ಕೇಲ್ 100ಕ್ಕೆ ಇಡಿ, ಇಲ್ಲದಿದ್ದರೆ ಚೀಟಿಗಳೆಲ್ಲ ಗಿಡ್ಡ.

ಪರೀಕ್ಷೆ ಮೂರು ಸುತ್ತು. ಮೊದಲು ನಾಲ್ಕೂ ಕೈ ನೀವೇ ಆಡಿ. ಆಮೇಲೆ ಮನೆಯವರು. ಕೊನೆಗೆ ಗುರುತಿಲ್ಲದವರ ಕೈಗೆ ನಿಯಮದ ಹಾಳೆ ಕೊಟ್ಟು ಬಾಯಿ ಮುಚ್ಚಿ ಕೂರಿ. ಬೋರ್ಡ್ ಗೇಮ್ ಕೆಫೆಯಲ್ಲಿ ಕೇಳಿದರೆ ಒಪ್ಪುವವರು ಸಿಗುತ್ತಾರೆ. ಆಷಾಢದಲ್ಲಿ ತಾರಸಿ ಬೇಡ, ಚೀಟಿಗಳು ಪಕ್ಕದ ಮನೆಗೆ ಹೋಗುತ್ತವೆ. ಯಾರು ಯಾವಾಗ ಫೋನ್ ತೆಗೆದರು, ಯಾವ ಸಾಲನ್ನು ಎರಡು ಸಲ ಓದಿದರು ಎಂದು ಬರೆದುಕೊಳ್ಳಿ. ‘ಚೆನ್ನಾಗಿತ್ತಾ?’ ಅಂತ ಕೇಳಿದರೆ ದಾಕ್ಷಿಣ್ಯಕ್ಕೆ ಹೌದೆನ್ನುತ್ತಾರೆ. ಗೆಲ್ಲುವವರು ಯಾರೆಂದು ಎಷ್ಟನೆಯ ಸರದಿಗೆ ಗೊತ್ತಾಯಿತು ಎಂದು ಕೇಳಿ.

ಯಾರಾದರೂ ಕದ್ದಾರು ಅನ್ನುವ ಭಯಕ್ಕೆ ತೋರಿಸದೇ ಇರಬೇಡಿ. 1970ರ ಪೇಟೆಂಟ್ ಕಾಯ್ದೆಯ 3(ಎಂ) ಕಲಮಿನ ಪ್ರಕಾರ ಆಟ ಆಡುವ ವಿಧಾನಕ್ಕೆ ಪೇಟೆಂಟ್ ಇಲ್ಲ. ನೀವು ಬರೆದ ನಿಯಮ ಪುಸ್ತಿಕೆಗೆ, ಬಿಡಿಸಿದ ಚಿತ್ರಕ್ಕೆ ಕೃತಿಸ್ವಾಮ್ಯ ಇದೆ.

ನಿಯಮ ಗಟ್ಟಿಯಾದ ಮೇಲೆ ಮುದ್ರಣಕ್ಕೆ ಬೆಂಗಳೂರಿನ ಸುಲ್ತಾನ್‌ಪೇಟೆ, ಅವೆನ್ಯೂ ರಸ್ತೆ ಕಡೆ ಹೋಗಿ. ಐದಾರು ಪ್ರತಿಗೆ ಆಫ್‌ಸೆಟ್ ಬೇಡ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಆರ್ಟ್ ಕಾರ್ಡ್ ಮೇಲೆ ಡಿಜಿಟಲ್ ಮುದ್ರಣ ಸಾಕು. ಬಣ್ಣ ಅಂಚಿನಾಚೆ 3 ಮಿ.ಮೀ. ಚಾಚಿರಲಿ, ಅಕ್ಷರ ಅಂಚಿಗಿಂತ ಅಷ್ಟೇ ಒಳಗಿರಲಿ; ಕತ್ತರಿಸುವಾಗ ಬ್ಲೇಡು ಒಂದೆರಡು ಮಿ.ಮೀ. ಸರಿಯುವುದುಂಟು. ಒಂದೇ ಬದಿ ಲ್ಯಾಮಿನೇಟ್ ಮಾಡಿಸಿದರೆ ಮಳೆಗಾಲದಲ್ಲಿ ಕಾರ್ಡು ಹಪ್ಪಳದಂತೆ ಬಾಗುತ್ತದೆ, ಎರಡೂ ಬದಿ ಮಾಡಿಸಿ. ಕನ್ನಡಕ್ಕೆ ಯೂನಿಕೋಡ್ ಫಾಂಟ್ ಬಳಸಿ, ಫಾಂಟ್ ಅಡಕವಾದ ಪಿಡಿಎಫ್ ಕೊಡಿ. ಇಲ್ಲವಾದರೆ ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತಕ್ಷರ ಚದುರುತ್ತದೆ. ಮೊದಲು ಒಂದೇ ಹಾಳೆ ತೆಗೆಸಿ, ಅಲ್ಲೇ ನಿಂತು ಒಂದು ಕಾರ್ಡು ಕತ್ತರಿಸಿ, ‘ಕಟ್ಟೆ’ಯ ಒತ್ತು ಕೆಳಗಿನ ಸಾಲಿಗೆ ತಾಗಿದೆಯೇ ನೋಡಿ, ಉಳಿದ ಹಾಳೆಗಳಿಗೆ ಹೂಂ ಅನ್ನಿ.