ದಾಸವಾಳದ ಜೊತೆ ಬಂದ ಹಿಟ್ಟು ತಿಗಣೆ

ಬೆಂಗಳೂರಿನಲ್ಲಿ ನಮ್ಮದು 3ನೇ ಮಹಡಿಯ ಮನೆ. ಅಂಗಳ ಇಲ್ಲ. ಹಾಲ್‌ನ ಪೂರ್ವದ ಕಿಟಕಿ, ಅದರ ಗ್ರಿಲ್, ಪಕ್ಕದಲ್ಲಿ ಎರಡು ಸ್ಟ್ಯಾಂಡ್, ಇಷ್ಟೇ ನನ್ನ ತೋಟ. ಮನಿ ಪ್ಲಾಂಟ್, ಕ್ರೋಟನ್, ಜೇಡ್, ತುಳಸಿ ಎಲ್ಲ ಸೇರಿ 22 ಕುಂಡ.

ಒಂದು ಆಗಸ್ಟ್‌ನಲ್ಲಿ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ನೋಡಿ ಬಂದೆ. ಅದೇ ಹುರುಪಿನಲ್ಲಿ ಒಂದು ನರ್ಸರಿಯಿಂದ ಕೆಂಪು ದಾಸವಾಳ ತಂದೆ. ಗಿಡ ಚೆನ್ನಾಗಿತ್ತು, ಮೊಗ್ಗೂ ಇತ್ತು. ಸೀದಾ ಉಳಿದ ಕುಂಡಗಳ ನಡುವೆ ಇಟ್ಟುಬಿಟ್ಟೆ.

ಮೂರು ವಾರಕ್ಕೆ ಗಿಡದ ಕೆಳಗಿನ ನೆಲ ಅಂಟಂಟಾಯಿತು. ಒರೆಸಿದರೂ ಮರುದಿನ ಮತ್ತೆ ಅಂಟು. ಕುಡಿ ಎಲೆಗಳು ಮುದುಡಿ ಮುಷ್ಟಿ ಕಟ್ಟಿದ ಹಾಗೆ ಆಗಿದ್ದವು. ಒಂದನ್ನು ಬಿಡಿಸಿ ನೋಡಿದೆ. ಮಡಿಕೆಯ ಒಳಗೆಲ್ಲ ಹತ್ತಿ ಒತ್ತಿಟ್ಟಂತೆ ಬಿಳಿ ಹಿಟ್ಟು. ಉಗುರಿನಿಂದ ಕೆರೆದರೆ ನಸುಗೆಂಪು ರಸ. ಗಿಡದ ರಸ ಹೀರುವ ಪುಟ್ಟ ಕೀಟ, ಹಿಟ್ಟು ತಿಗಣೆ (ಮೀಲಿಬಗ್)! ಕಾಂಡದ ಮೇಲೆ ಕಪ್ಪಿರುವೆಗಳ ಸಾಲು ಬೇರೆ.

ಗಾಬರಿಯಲ್ಲಿ ಬೇವಿನ ಎಣ್ಣೆ ತಂದು, ಅಳತೆ ನೋಡದೆ ನೀರಿಗೆ ಸುರಿದು, ಎಲ್ಲ ಗಿಡಕ್ಕೂ ಹೊಡೆದೆ. ಅದೂ ಬೆಳಗಿನ ಬಿಸಿಲು ಕಿಟಕಿಗೆ ಬೀಳುವ ಹೊತ್ತಿನಲ್ಲಿ. ಜೇಡ್‌ನ ಎಲೆಗಳೆಲ್ಲ ಕಂದು ಮಚ್ಚೆಯಾಗಿ ಉದುರಿದವು. ದಾಸವಾಳದ ತಿಗಣೆ ಮಾತ್ರ ಹಾಗೇ ಇತ್ತು. ಆ ಮೇಣದ ಹಿಟ್ಟಿನ ಒಳಗೆ ಬರೀ ಸಿಂಪಡಣೆ ಇಳಿಯುವುದಿಲ್ಲ.

ದಾರಿ ತೋರಿಸಿದ್ದು ರಾಮನಗರ ಕಡೆ ರೇಷ್ಮೆ ಬೆಳೆಯುವ ನಮ್ಮ ಸಂಬಂಧಿಕರು. ಮುದುಡಿದ ಕುಡಿ ನೋಡಿದ ಕೂಡಲೇ, "ಇದು ನಮ್ಮ ಹಿಪ್ಪುನೇರಳೆಗೆ ಬರೋ ಟುಕ್ರಾನೇ ಅಲ್ವಾ?" ಅಂದರು. ನಿಜ, ಹಿಪ್ಪುನೇರಳೆಗೆ ಟುಕ್ರಾ, ಅಂದರೆ ಕುಡಿ ಮುದುಡುವ ಕಾಟ, ತರುವ ಗುಲಾಬಿ ಹಿಟ್ಟು ತಿಗಣೆ ದಾಸವಾಳವನ್ನೂ ಬಿಡುವುದಿಲ್ಲ. ರೇಷ್ಮೆಹುಳು ತಿನ್ನುವ ಸೊಪ್ಪಿಗೆ ಸಿಕ್ಕ ಸಿಕ್ಕ ವಿಷ ಹೊಡೆಯೋಕಾಗಲ್ಲ. ಹಾಗಾಗಿ ಅವರು ಮೊದಲು ಕುಡಿ ಚಿವುಟುತ್ತಾರೆ. ನಾವು ಊಟ ಮಾಡಿ ಮಲಗುವ ಮನೆಯೊಳಗೂ ಅದೇ ಸರಿ ಅನ್ನಿಸಿತು.

ಮುದುಡಿದ ಕುಡಿಗಳನ್ನೆಲ್ಲ ಎರಡು ಗೆಣ್ಣು ಕೆಳಗಿನಿಂದ ಕತ್ತರಿಸಿ, ಸೋಪಿನ ನೀರು ತುಂಬಿದ ಬಕೆಟ್‌ಗೆ ನೇರ ಬೀಳಿಸಿದೆ. ಕೈಯಲ್ಲಿ ಹಿಡಿದು ಮನೆಯೆಲ್ಲ ಓಡಾಡಿದರೆ ಮರಿಗಳು ಉದುರಿ ಬೇರೆ ಕುಂಡ ಹತ್ತುತ್ತವೆ. ಉಳಿದ ಕಾಂಡವನ್ನು ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ, ಬಚ್ಚಲಲ್ಲಿ ನೀರು ಬಿಟ್ಟು ತೊಳೆದೆ. ಕುಂಡದ ಅಂಚಿನ ಒಳಮಗ್ಗುಲು, ತಳದ ತೂತು ಇವನ್ನೂ ನೋಡಲೇಬೇಕು. ನನಗೆ ಅಂಚಿನ ಕೆಳಗೇ ಮೂರು ಮೊಟ್ಟೆ ಚೀಲ ಸಿಕ್ಕವು. ಒಂದೊಂದರಲ್ಲೂ ನೂರಾರು ಮೊಟ್ಟೆ ಇರುತ್ತವೆ.

ಆಮೇಲೆ ಇರುವೆ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಹಸು ಸಾಕಿದ ಹಾಗೆ ಸಾಕುತ್ತವೆ, ತಿನ್ನಲು ಬರುವ ಹುಳಗಳನ್ನು ಓಡಿಸುತ್ತವೆ. ಇರುವೆ ತಡೆಯದೆ ತಿಗಣೆ ಹೋಗಲ್ಲ. ನಮ್ಮಜ್ಜಿ ಬೆಲ್ಲದ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಡುತ್ತಿದ್ದರು. ನಾನು ಸ್ಟ್ಯಾಂಡಿನ ನಾಲ್ಕೂ ಕಾಲನ್ನು ನೀರಿನ ಬಟ್ಟಲಲ್ಲಿ ಇಟ್ಟೆ, ಗೋಡೆಗೆ ತಾಗಿದ್ದ ಎಲೆಗಳನ್ನು ಕತ್ತರಿಸಿದೆ. ಸೊಳ್ಳೆ ಆಗದಂತೆ ಮೂರು ದಿನಕ್ಕೊಮ್ಮೆ ಬಟ್ಟಲು ತಿಕ್ಕಿ ಹೊಸ ನೀರು ಹಾಕುತ್ತೇನೆ.

ಇಷ್ಟಾದ ಮೇಲೇ ಬೇವು. ಒಂದು ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ, 2 ಮಿ.ಲೀ. ಸೋಪ್ ದ್ರವ. ಎಣ್ಣೆಯನ್ನು ಮೊದಲು ಸೋಪಿನ ಜೊತೆ ಚೆನ್ನಾಗಿ ಕಲಸಿ, ಆಮೇಲೆ ನೀರು. ಸಂಜೆ ಹೊತ್ತು, ಎಲೆಯ ಅಡಿಗೆ. ಏಳು ದಿನಕ್ಕೊಮ್ಮೆ, ನಾಲ್ಕು ಸಲ. ಬೇವು ಮೊಟ್ಟೆಯನ್ನು ಪೂರ್ತಿ ಕೊಲ್ಲುವುದಿಲ್ಲ, ಒಡೆದು ಬಂದ ಮರಿ ಪೊರೆ ಕಳಚಿ ಬೆಳೆಯದಂತೆ ತಡೆಯುತ್ತದೆ. ಒಂದೇ ಸಲಕ್ಕೆ ನಿಲ್ಲಿಸಿದರೆ ಮುಂದಿನ ಮರಿಗಳು ಆರಾಮಾಗಿ ಬೆಳೆಯುತ್ತವೆ. ಈಗ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪ್ ಬಳಸುತ್ತಿದ್ದೇನೆ, ಕಲಸುವ ರಗಳೆ ಕಮ್ಮಿ. ಜೇಡ್‌ಗೆ ಮಾತ್ರ ಇದ್ಯಾವುದೂ ಬೇಡ, ಒದ್ದೆ ಹತ್ತಿಯಲ್ಲಿ ಒರೆಸುತ್ತೇನೆ.

ಒಂದು ವಿಷಯ ಗಮನಿಸಿ. ತಿಗಣೆಯ ಹಾಗೇ ಬಿಳಿ ಎಳೆ ಹೊತ್ತ, ಆದರೆ ಅದಕ್ಕಿಂತ ದೊಡ್ಡದಾದ, ಚುರುಕಾಗಿ ಓಡಾಡುವ ಹುಳ ಕಂಡರೆ ಕೊಲ್ಲಬೇಡಿ. ಅದು ತಿಗಣೆ ತಿನ್ನುವ ಗುಲಗಂಜಿ ಹುಳದ ಮರಿ ಇರಬಹುದು. ಹಿಪ್ಪುನೇರಳೆ ತೋಟಕ್ಕೆ ಅದನ್ನು ತಂದು ಬಿಡುತ್ತಾರೆ. ಗ್ರಿಲ್ ಮೇಲಿದ್ದ ಒಂದನ್ನು ನಾನು ಗೊತ್ತಿಲ್ಲದೆ ಸೋಪಿನ ನೀರಿಗೆ ಹಾಕಿದ್ದೆ, ಇವತ್ತಿಗೂ ಬೇಜಾರಿದೆ.

ಬೇರೆ ಕಾಟಗಳು ಇಷ್ಟು ಕಷ್ಟ ಕೊಟ್ಟಿಲ್ಲ. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ ಹಾರಿದರೆ ನೀರು ಜಾಸ್ತಿ ಆಗಿದೆ ಅಂತಲೇ ಅರ್ಥ. ಮೇಲಿನ ಒಂದು ಇಂಚು ಮಣ್ಣು ಒಣಗಲು ಬಿಟ್ಟು, ಹಳದಿ ಅಂಟು ಕಾರ್ಡ್ ಚುಚ್ಚುತ್ತೇನೆ. ಮಾರ್ಚ್, ಏಪ್ರಿಲ್ ಒಣ ಹವೆಗೆ ಕೆಂಪು ನುಸಿ ಬರುತ್ತದೆ. ಬಿಳಿ ಹಾಳೆ ಮೇಲೆ ಎಲೆ ತಟ್ಟಿದಾಗ ಚುಕ್ಕೆಗಳು ನಡೆದಾಡಿದರೆ, ಎಲೆಯಡಿಗೆ ಜೋರಾಗಿ ನೀರು ಹೊಡೆಯುತ್ತೇನೆ.

ಈಗ ಹೊಸ ಗಿಡ ಯಾವುದೇ ಬರಲಿ, 21 ದಿನ ಅಡುಗೆಮನೆ ಹಿಂದಿನ ಯುಟಿಲಿಟಿಯಲ್ಲಿ ಒಂಟಿಯಾಗಿ ಇರುತ್ತದೆ. ಹೋದ ವಾರ ತಂದ ಮಲ್ಲಿಗೆ ಈಗ ಅಲ್ಲಿದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಅದರ ಎಲೆ ಮಗುಚಿ ನೋಡುತ್ತೇನೆ. ಇವತ್ತು ಒಂದು ಗೆಣ್ಣಿನಲ್ಲಿ ಬಿಳಿ ಕಂಡಿತು. ಉಗುರಿನಿಂದ ಮುಟ್ಟಿದೆ, ಬರೀ ಧೂಳು.