ಬೆಳಗ್ಗೆ ಕಾರು ಒಂದು ಮೂಲೆಗೆ ಕೂತಿದ್ದರೆ ತಡಮಾಡಬೇಡಿ

ನನ್ನದು ಏರ್ ಸಸ್ಪೆನ್ಷನ್ ಕಾರು, ಅಂದರೆ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು (ಏರ್ ಸ್ಪ್ರಿಂಗ್) ಅದರ ಭಾರ ಹೊರುತ್ತವೆ. ರಾತ್ರಿ ನೆಟ್ಟಗೆ ನಿಲ್ಲಿಸಿದ ಕಾರು ಬೆಳಗ್ಗೆ ಹಿಂದಿನ ಎಡಮೂಲೆಯಲ್ಲಿ ಕೂತುಬಿಟ್ಟಿರುತ್ತಿತ್ತು. ಸ್ಟಾರ್ಟ್ ಮಾಡಿದರೆ ಗಾಳಿ ತುಂಬುವ ಕಂಪ್ರೆಸರ್ ಗುರ್ ಅಂತ ಮೇಲೆತ್ತುತ್ತಿತ್ತಲ್ಲ, ಹಾಗಾಗಿ ಎರಡು ತಿಂಗಳು ಸುಮ್ಮನಿದ್ದೆ. ತಪ್ಪು ಮಾಡಿದೆ. ಸೋರುವ ಏರ್ ಸ್ಪ್ರಿಂಗ್‌ಗೆ ಗಾಳಿ ತುಂಬಿಸಿ ತುಂಬಿಸಿ ಕಂಪ್ರೆಸರ್ರೇ ಸುಟ್ಟುಹೋಗುತ್ತದೆ.

ಕಾರು ಎದ್ದು ನಿಂತಾಗ ಏರ್ ಸ್ಪ್ರಿಂಗ್ ಮೇಲೆ ಸೋಪಿನ ನೀರು ಸಿಂಪಡಿಸಿ ನೋಡಿ. ಕಾರಿನ ಅಡಿಗೆ ಮಾತ್ರ ನುಗ್ಗಬೇಡಿ. ರಬ್ಬರ್ ಮಡಚಿಕೊಳ್ಳುವ ಕೆಳಗಿನ ಅಂಚಿನಲ್ಲೇ ಸಾಮಾನ್ಯವಾಗಿ ಸೀಳು. ನನ್ನದರಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಎದ್ದವು. ಪೈಪ್ ಸೇರುವ ಜಾಗಕ್ಕೂ ಹಾಕಿ, ಬರೀ ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಬಳೆ) ಹೋಗಿದ್ದರೆ ನೀವು ಪುಣ್ಯವಂತರು.

ಸ್ಪ್ರಿಂಗ್ ಬದಲಿಸುವಾಗ ಜ್ಯಾಕ್ ಒಂದನ್ನೇ ನಂಬಬೇಡಿ, ಕೆಳಗೆ ಸ್ಟ್ಯಾಂಡ್ ಇರಲಿ. ಸಸ್ಪೆನ್ಷನ್ನಿನ ಜ್ಯಾಕ್ ಮೋಡ್ (ಕಾರು ತಾನಾಗಿ ಎತ್ತರ ಬದಲಿಸದಂತೆ ತಡೆಯುವ ಸೆಟ್ಟಿಂಗ್) ಹಾಕಿ, ಗಾಳಿ ಪೂರ್ತಿ ಇಳಿಸಿಯೇ ಪೈಪ್ ಬಿಚ್ಚಿ. ಇನ್ನೊಂದು, ಇದನ್ನು ಮೆಕ್ಯಾನಿಕ್‌ಗೂ ಹೇಳಿ: ಹೊಸ ಸ್ಪ್ರಿಂಗ್‌ಗೆ ಸ್ಕ್ಯಾನರ್‌ನಿಂದ (ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಸಾಧನ) ಗಾಳಿ ತುಂಬದೆ ಕಾರಿನ ಭಾರ ಅದರ ಮೇಲೆ ಬಿಡಲೇಬಾರದು. ಖಾಲಿ ರಬ್ಬರ್ ಅಡ್ಡಾದಿಡ್ಡಿ ಮಡಚಿ ಮೊದಲ ದಿನವೇ ಹರಿಯಬಹುದು. ನಮ್ಮವನು ಅವಸರದಲ್ಲಿ ಇಳಿಸಲು ಹೊರಟಿದ್ದ, ಕೈ ಹಿಡಿದು ನಿಲ್ಲಿಸಿದೆ.

ಕಂಪ್ರೆಸರ್ ರಿಲೇಯನ್ನೂ (ಅದಕ್ಕೆ ಕರೆಂಟ್ ಕೊಡುವ ಸ್ವಿಚ್) ಜೊತೆಗೇ ಬದಲಿಸಿಬಿಡಿ, ದೊಡ್ಡ ಖರ್ಚೇನಲ್ಲ.