ಅಸ್ಥಿರಜ್ಜು ಹರಿದ ಮೇಲೆ ಮಂಡಿಯ ಮೂಳೆ, ಮೃದ್ವಸ್ಥಿಗಳ ಆರೈಕೆ
ಮಂಡಿಯೊಳಗೆ ತೊಡೆಮೂಳೆಯನ್ನು ಕೆಳಗಿನ ಮೂಳೆಗೆ ಬಿಗಿದಿಡುವ ಗಟ್ಟಿ ಪಟ್ಟಿಯಾದ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವಾಗ ಮೇಲಿನ ಮತ್ತು ಕೆಳಗಿನ ಮೂಳೆಗಳು ಒಂದಕ್ಕೊಂದು ಅಪ್ಪಳಿಸಿ ಒಳಗೇ ಜಜ್ಜಿಹೋಗುವುದುಂಟು. ಈ ಪೆಟ್ಟು ಎಕ್ಸ್‌ರೇಯಲ್ಲಿ ಕಾಣದಿರುವುದರಿಂದ ಎಂಆರ್‌ಐ ಬೇಕೇ ಎಂದು ವೈದ್ಯರಲ್ಲಿ ವಿಚಾರಿಸಿ. ಮೂಳೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮಾಯುತ್ತದೆ. ಆದರೆ ಮೂಳೆಯ ತುದಿಗಳನ್ನು ಹೊದ್ದಿರುವ ನುಣುಪಾದ ಪದರವಾದ ಮೃದ್ವಸ್ಥಿಯಲ್ಲಿ ರಕ್ತನಾಳಗಳೂ ನರಗಳೂ ಇಲ್ಲದ ಕಾರಣ ಅದರ ಹಾನಿ ಸುಲಭವಾಗಿ ಸರಿಹೋಗುವುದಿಲ್ಲ, ಸವೆತವು ನೋವು ಕೊಡದೆಯೇ ಮುಂದುವರಿಯಲೂಬಹುದು. ಆದ್ದರಿಂದ ನೋವಿಲ್ಲದಿರುವುದನ್ನೇ ಗುಣವಾದ ಗುರುತೆಂದು ನಂಬಬೇಡಿ. ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ತೊಡೆಯ ಸ್ನಾಯುಗಳನ್ನು ಹಂತಹಂತವಾಗಿ ಬಲಪಡಿಸಿ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ತೂಕ ಹತೋಟಿಯಲ್ಲಿರಲಿ. ಅಸ್ಥಿರಜ್ಜುವಿನ ಶಸ್ತ್ರಚಿಕಿತ್ಸೆಯಿಂದಲೂ ಮುಂದೆ ಕೀಲು ಸವೆದು ಬರುವ ಸಂಧಿವಾತದ ಅಪಾಯ ಪೂರ್ತಿ ತೊಲಗುವುದಿಲ್ಲವಾದ್ದರಿಂದ, ಅದಾದ ನಂತರ ಕನಿಷ್ಠ 9 ತಿಂಗಳು ಕಾದು, ಎರಡೂ ಕಾಲುಗಳ ಬಲ ಹೆಚ್ಚುಕಡಿಮೆ ಸಮನಾದ ಮೇಲೆಯೇ ನೆಗೆತ, ತಿರುವುಗಳಿರುವ ಆಟಗಳಿಗೆ ಮರಳಿ. ಮಂಡಿ ಮತ್ತೆ ಊದಿಕೊಂಡರೆ ಅಥವಾ ಮಡಚಲಾಗದೆ ಸಿಕ್ಕಿಕೊಂಡರೆ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಿ.